ಲೆಕ್ಕಪರಿಶೋಧಕನೂ ದಯಾಧರ್ಮವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸಿದ್ದಾಪುರವೆಂಬ ಗ್ರಾಮವುಂಟು. ಅದರ ಸಮೀಪದ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಧರ್ಮಲಿಪಿಯನ್ನು ಹೊತ್ತಿರುವ ಬಂಡೆಯಿರುವುದು. ಬಿ. ಎಲ್. ರೈಸ್ ಅವರು 1892ರಲ್ಲಿ ಇದನ್ನೂ, ಇದರ ನೆರೆಯ ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳ ಲಿಪಿಗಳನ್ನೂ ಲೋಕಕ್ಕೆ ತಿಳಿಯಪಡಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮಸಮಾಚಾರವನ್ನು ವಿಚಾರಿಸಿ ಕಳುಹಿಸಿದ ಆಜ್ಞೆಯಿದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ನೆಲವನ್ನು ಅಗೆಯಿಸಿ, ಶಿಲಾಯುಗದ ಜನರಿಂದ ಮೊದಲ್ಗೊಂಡು ಪದರಪದರವಾಗಿ ಜನವಸತಿಯಿದ್ದುದನ್ನು ಕಂಡರು. ಹೀಗೆ ವಿದ್ವಾಂಸರಿಗೆ ಈ ಸ್ಥಳವು ಚರಿತ್ರೆಯ ವಿಷಯವಾಗಿರುವುದು. ಆದರೆ ಬಂಡೆಯ ಮಾತು ಚರಿತ್ರೆಗೆ ಮಾತ್ರವೇ ಸೇರಿದುದಲ್ಲ. ತಾಯಿತಂದೆಗಳ ಸೇವೆ, ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆ, ಸತ್ಯವಚನ, ಶಿಷ್ಯನಾದವನು ಆಚಾರ್ಯನಿಗೆ ಸಲ್ಲಿಸತಕ್ಕ ಗೌರವ, ಇವು ಅಲ್ಲಿ ಒಂದರ ಪಕ್ಕದಲ್ಲೊಂದು ಕೊರೆಯಲ್ಪಟ್ಟಿರುವುವು. ಇದು ಪುರಾತನವಾದ ಪದ್ಧತಿಯೆಂದೂ ಆ ಲಿಪಿಯೇ ಹೇಳಿಕೊಳ್ಳುತ್ತದೆ.

ದಯೆ, ಸತ್ಯ, ಗುರುಗೌರವ ಎಂಬ ಈ ಮೂರನ್ನು ಕಲ್ಲಿನ ಮೇಲೆ ಒಟ್ಟಿಗೆ ಬರೆಯುವುದು ಸುಲಭ. ಬಾಳಿನಲ್ಲಿ ಒಟ್ಟಿಗೆ ನಡೆಸುವುದು ಅಷ್ಟು ಸುಲಭವಲ್ಲ. ಸಾಮಾನ್ಯ ಗೃಹಸ್ಥನಿಗೆ ಇವು ಪರಸ್ಪರ ವಿರೋಧವಾಗುವ ಸಂದರ್ಭವು ಎಲ್ಲೋ ಒಮ್ಮೆ ಬರಬಹುದು. ಆದರೆ ಕೆಲವು ವೃತ್ತಿಗಳಲ್ಲಿ, ವೃತ್ತಿಯನ್ನು ಹಿಡಿದ ಮೊದಲ ವರ್ಷದಲ್ಲಿಯೇ, ಇವು ಮೂರೂ ಮೂರು ದಿಕ್ಕಿಗೆ ಎಳೆಯುವುವು. ಲೆಕ್ಕಪರಿಶೋಧನೆಯು ಅಂತಹ ವೃತ್ತಿಗಳಲ್ಲೊಂದು. ಅಂಕಿಗಳನ್ನು ಕೂಡಿ ಕಳೆಯುವ ಈ ಒಣಕೆಲಸದಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ವಿಚಾರಮಾಡಿ ನೋಡಿದರೆ ಅಲ್ಲಿ ಎಡೆಯಿರುವುದು ಮಾತ್ರವಲ್ಲ, ಧರ್ಮವಿಚಾರವಿಲ್ಲದೆ ಆ ಕೆಲಸವೇ ನಡೆಯಲಾರದೆಂಬುದು ಗೊತ್ತಾಗುವುದು.

ಈ ವೃತ್ತಿಯು ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿ ಪ್ರಕಟಿಸಿದ ಮೇಲೆ, ನಮ್ಮ ಪೂರ್ವಿಕರು ಲೆಕ್ಕದ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬುದು ಎಲ್ಲರಿಗೂ ತಿಳಿಯಿತು. ಆ ಗ್ರಂಥದಲ್ಲಿ ಲೆಕ್ಕದ ವರ್ಷವು 354 ದಿನಗಳದು; ಆಷಾಢದ ಹುಣ್ಣಿಮೆಗೆ ಅದು ಮುಗಿಯುವುದು. ಆಗ ಲೆಕ್ಕಿಗರೆಲ್ಲರೂ ಮುದ್ರೆಯೊತ್ತಿದ ಪುಸ್ತಕಗಳನ್ನೂ ಉಳಿಕೆಯ ಹಣದ ಪೆಟ್ಟಿಗೆಗಳನ್ನೂ ತೆಗೆದುಕೊಂಡು ಬರತಕ್ಕದ್ದು. ಬಂದವರು ಒಬ್ಬರೊಡನೊಬ್ಬರು ಮಾತನಾಡದಂತೆ ತಡೆಯತಕ್ಕದ್ದು. ರಾಜದ್ರವ್ಯವನ್ನು ಅಪಹರಿಸುವ ಉಪಾಯಗಳು 40 ಎಂದು ಕೌಟಿಲ್ಯನು ಲೆಕ್ಕಹಾಕಿ ಹೇಳಿರುವನು. ಇದೇ ಎಚ್ಚರಿಕೆಯ ಹೊಸ ರೂಪವೇ ಇಂದಿನ ಪರಿಶೋಧನೆ. ಸ್ವತಂತ್ರ ಭಾರತದಲ್ಲಿ 1949ರ ಕಾಯಿದೆಯಂತೆ ಆ ವರ್ಷದ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಸ್ಥಾಪಿತವಾಯಿತು. ಅದರ ಲಾಂಛನದಲ್ಲಿ ಗರುಡನಿರುವನು. ಧ್ಯೇಯವಾಕ್ಯವು ಕಠೋಪನಿಷತ್ತಿನಿಂದ ಆಯ್ದುದು. ಮಿಕ್ಕವರು ನಿದ್ರಿಸುವಾಗ ಎಚ್ಚತ್ತಿರುವವನು ಎಂಬುದು ಅದರ ಭಾವ. ಉಪನಿಷತ್ತಿನಲ್ಲಿ ಆ ಮಾತು ಪರಮಪುರುಷನನ್ನು ಕುರಿತುದು. ಅದನ್ನು ಲೆಕ್ಕ ನೋಡುವವನ ತಲೆಯ ಮೇಲಿಟ್ಟುದು ಸಣ್ಣ ಹೊರೆಯಲ್ಲ.

ಆದರೆ ಆ ಹೊರೆಯನ್ನು ಮೊದಲು ಹೊರುವವನು ಸಾಮಾನ್ಯವಾಗಿ ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಹುಡುಗ. ಪರೀಕ್ಷೆಯ ಒಂದೆರಡು ಮೆಟ್ಟಿಲನ್ನು ಹತ್ತಿ, ಹಿರಿಯ ಪರಿಶೋಧಕರೊಬ್ಬರ ಬಳಿ ಕರಾರಿನಂತೆ ಶಿಷ್ಯವೃತ್ತಿಗೆ ನಿಲ್ಲುವನು. ಬಹುಕಾಲ ಮೂರು ವರ್ಷಗಳಾಗಿದ್ದ ಈ ಅವಧಿಯು 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷಗಳಾಗಿರುವುದು. ಸಂಭಾವನೆಯು ಅಲ್ಪ, ಬಸ್ಸಿನ ಪ್ರಯಾಣವು ಅಧಿಕ. ನಗದು ಪುಸ್ತಕದ ಪ್ರತಿಯೊಂದು ಬಾಬನ್ನೂ ವೋಚರಿನೊಡನೆ ತಾಳೆ ನೋಡಿ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುವುದು, ಉಗ್ರಾಣಕ್ಕೆ ಹೋಗಿ ಸರಕನ್ನು ಎಣಿಸುವುದು, ಇವು ಅವನ ಪಾಲಿನ ಕೆಲಸ. ಹಿರಿಯರು ಕಾಗದದಲ್ಲಿ ಕಾಣುವುದನ್ನು ಅವನು ಕಣ್ಣಾರೆ ಕಾಣುವನು. ಕಾಗದಕ್ಕೆ ಕಾಣದ ಮನುಷ್ಯರನ್ನೂ ಅವನೇ ಕಾಣುವನು. ಅವನ ಧರ್ಮಸಂಕಟಕ್ಕೆ ಮೂಲವು ಇಲ್ಲಿಯೇ ಇರುವುದು.

ದೃಷ್ಟಾಂತಕ್ಕಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೊಂದು ಸಂಘವನ್ನೂ ಕುರಿತುದಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯು ನಾಡಿನಲ್ಲೆಲ್ಲ ಹೆಸರಾದುದು. ಭೌಗೋಳಿಕ ಸೂಚಕವೆಂಬ ಮನ್ನಣೆಯನ್ನೂ ಪಡೆದುದು. ಆ ಸೀಮೆಯ ನೇಕಾರರ ಸಹಕಾರ ಸಂಘವೊಂದಕ್ಕೆ ಇಂತಹ ತರುಣನೊಬ್ಬನು ಲೆಕ್ಕ ನೋಡಲು ಬಂದನೆನ್ನೋಣ. ಸಂಘವು ನೇಕಾರರಿಗೆ ರೇಷ್ಮೆಯನ್ನೂ ಜರಿಯನ್ನೂ ತೂಗಿ ಕೊಡುವುದು. ನೇಯ್ದ ಸೀರೆಯನ್ನು ತೂಗಿ ತೆಗೆದುಕೊಂಡು ಮಜೂರಿಯನ್ನು ಕೊಡುವುದು. ಮಾರ್ಚ್ 31ಕ್ಕೆ ಪುಸ್ತಕದಂತೆ ಕಪಾಟಿನಲ್ಲಿ 212 ಸೀರೆಗಳಿರಬೇಕು. ತರುಣನು ಎಣಿಸಿದನು, 205 ಇದ್ದುವು. ಮತ್ತೊಮ್ಮೆ ಎಣಿಸಿದನು, 205. ತನ್ನ ತಂದೆಗಿಂತಲೂ ಹಿರಿಯನಾದ ಗುಮಾಸ್ತನ ಮುಖವನ್ನು ನೋಡಿದನು. ಆತನು ಬಾಗಿಲನ್ನು ಮುಂದೆ ಮಾಡಿ, "ಸ್ವಾಮಿ, ಆ ಏಳು ಸೀರೆಗಳನ್ನು ನಾನು ನುಂಗಿಲ್ಲ. ನಮ್ಮ ನೇಕಾರಳೊಬ್ಬಳ ಗಂಡನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಂಗಡ ಕೊಡುವುದಕ್ಕೆ ಸಂಘದಲ್ಲಿ ನಗದಿರಲಿಲ್ಲ. ಇವನ್ನು ಮಾರಿಕೊಳ್ಳಮ್ಮಾ, ಆಮೇಲೆ ಮಜೂರಿಯಲ್ಲಿ ಹಿಡಿದುಕೊಳ್ಳೋಣ ಎಂದು ಕೊಟ್ಟೆ. ಅಳುತ್ತಿದ್ದವಳ ಮುಂದೆ ಕಾಗದ ಚಾಚಲು ಕೈ ಬರಲಿಲ್ಲ. ಬೇಕಾದರೆ ಮಾರ್ಚಿಯ ತಾರೀಖು ಹಾಕಿ ಈಗಲೇ ಚೀಟಿ ಮಾಡಿಸಿಕೊಡುತ್ತೇನೆ. ಇದು ಹೊರಗೆ ಬಂದರೆ ನನ್ನ ಕೆಲಸ ಉಳಿಯುವುದಿಲ್ಲ" ಎಂದನು.

ತರುಣನು ಗುರುವಿಗೆ ದೂರವಾಣಿಯಲ್ಲಿ ಅರಿಕೆಮಾಡಿದನು. ಅವರು, "ಏಳು ಸೀರೆ ತಾನೇ? ಮಾರಾಟಕ್ಕೆ ಕಳುಹಿಸಿದ ಸರಕೆಂದು ಬರೆದು ಮುಗಿಸಪ್ಪಾ. ನಾಳೆ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಯ ಲೆಕ್ಕವಿದೆ" ಎಂದರು.

ಹೀಗಿರಲಾಗಿ ಅವನು ಏನು ಮಾಡಬೇಕು? ದಯೆಯು ಸುಮ್ಮನಿರೆನ್ನುವುದು, ಗುರುವಾಕ್ಯವು ಮುಗಿಸೆನ್ನುವುದು, ಸತ್ಯವು ಮಾತ್ರ 205 ಎನ್ನುವುದು.

ಮೊದಲನೆಯದಾಗಿ, ಅವನು ಎಣಿಸಿದುದೇ ತಪ್ಪಾಯಿತೇ ಎಂಬುದನ್ನು ನೋಡಬೇಕು. ಊಟವಿಕ್ಕಿ ಉಪಚರಿಸಿದ ವೃದ್ಧನ ಮಾತನ್ನು ನಂಬದೆ ಕಪಾಟಿನ ಬಾಗಿಲನ್ನು ತೆರೆಯಿಸುವುದು ಅವನ ಮೇಲೆ ಹೊರಿಸಿದ ಅಪವಾದವಲ್ಲವೇ ಎಂದು ಎಳೆಯ ಮನಸ್ಸು ನೋಯುವುದು ಸಹಜ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಸಂಶಯಾತ್ಮನ ಗತಿಯು ಕಠಿನವಾಗಿ ನಿಂದಿತವಾಗಿರುವುದು. ಆದರೆ ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು. ಏನೇನೂ ತಿಳಿಯದ ವಿಷಯದಲ್ಲಿಯೂ, ಆಗಲೇ ನಿರ್ಣಯವಾದ ವಿಷಯದಲ್ಲಿಯೂ ವಿಚಾರವು ನಡೆಯದು. ಸಂದಿಗ್ಧವಾದುದರಲ್ಲಿಯೇ ನಡೆಯುವುದೆಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಹಾಗಾದರೆ ಇವೆರಡಕ್ಕೂ ವಿರೋಧವೇ? ವಿರೋಧವಿಲ್ಲ. ಗೀತೆಯು ನಿಂದಿಸುವುದು ಸಂಶಯದಲ್ಲಿಯೇ ಮನೆಕಟ್ಟಿಕೊಂಡವನನ್ನು. ನ್ಯಾಯವು ಅಂಗೀಕರಿಸುವುದು ನಿರ್ಣಯಕ್ಕಾಗಿ ಸಂಶಯದ ಹೊಸ್ತಿಲನ್ನು ದಾಟಿ ಹೋಗುವವನನ್ನು. ಒಂದು ರೋಗ, ಇನ್ನೊಂದು ಮಾರ್ಗ.

ಮೇಲಾಗಿ, ವಸ್ತುವಿನಲ್ಲಿ ಸಂಶಯವು ಬೇರೆ, ವ್ಯಕ್ತಿಯಲ್ಲಿ ಸಂಶಯವು ಬೇರೆ. ಸೀರೆಗಳು 212 ಇರುವುವೋ ಇಲ್ಲವೋ ಎಂಬುದು ವಸ್ತುವಿನ ಪ್ರಶ್ನೆ. ಗುಮಾಸ್ತನು ಕಳ್ಳನೋ ಅಲ್ಲವೋ ಎಂಬುದು ವ್ಯಕ್ತಿಯ ಪ್ರಶ್ನೆ. ಮೊದಲನೆಯದನ್ನು ಎಲ್ಲರಲ್ಲಿಯೂ ಸಮನಾಗಿ ಕೇಳಿದರೆ ಅದರಿಂದ ಯಾರಿಗೂ ಅವಮಾನವಿಲ್ಲ. ಮುಖ ನೋಡಿ, ಜಾತಿ ನೋಡಿ, ಬಟ್ಟೆ ನೋಡಿ ಒಬ್ಬರ ಕಪಾಟನ್ನು ತೆರೆದು ಇನ್ನೊಬ್ಬರದನ್ನು ಬಿಟ್ಟರೆ ಅದೇ ಅವಮಾನ. ಕೌಟಿಲ್ಯನು ಲೆಕ್ಕಿಗರೆಲ್ಲರನ್ನೂ ಒಂದೇ ನಿಯಮಕ್ಕೆ ಒಳಪಡಿಸಿದುದರ ಔಚಿತ್ಯವು ಇಲ್ಲಿ ಕಾಣುವುದು. ಅಪಹರಣದ ದೂರು ತಂದು ಅದನ್ನು ಸ್ಥಾಪಿಸಲಾರದವನಿಗೆ ಅವನು ದಂಡವನ್ನು ವಿಧಿಸಿರುವುದನ್ನೂ ಮರೆಯತಕ್ಕದ್ದಲ್ಲ. ಎಣಿಸುವುದಕ್ಕೆ ಅವನಲ್ಲಿ ಸಂಕೋಚವಿಲ್ಲ. ದೂಷಿಸುವುದಕ್ಕೆ ಮಾತ್ರ ಪ್ರಮಾಣ ಬೇಕು.

1896ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಹತ್ತಿಯ ಗಿರಣಿಯ ಮೊಕದ್ದಮೆಯಲ್ಲಿ ಪರಿಶೋಧಕನನ್ನು ಮನೆ ಕಾಯುವ ನಾಯಿಗೆ ಹೋಲಿಸಿ, ಬೇಟೆಯ ನಾಯಿಯಾಗಬೇಕಾದುದಿಲ್ಲವೆಂದಿತು. ಮಾತು ಪ್ರಸಿದ್ಧವಾಯಿತು. ಆದರೆ ಕಾವಲುನಾಯಿಯು ಬೇಟೆಯಾಡಬೇಕಾದುದಿಲ್ಲವೆಂದರೆ ನಿದ್ರಿಸಬಹುದೆಂದರ್ಥವಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕಿನ ಹಣದಲ್ಲಿ ಐದು ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟುದು ಇಲ್ಲವೇ ಇಲ್ಲವೆಂದು ತಾವೇ ಒಪ್ಪಿಕೊಂಡರು. ಬ್ಯಾಂಕುಗಳಿಂದ ಬರಬೇಕಾದ ದೃಢೀಕರಣಪತ್ರಗಳನ್ನು ಪರಿಶೋಧಕರು ತಾವೇ ಕಳುಹಿಸಿ ತಾವೇ ತರಿಸಿಕೊಳ್ಳದೆ ಕಂಪನಿಯವರ ಕೈಗೇ ಬಿಟ್ಟಿದ್ದರೆಂದು 2011ರಲ್ಲಿ ಅಮೆರಿಕೆಯ ಅಧಿಕಾರಿಗಳು ನಿರ್ಣಯಿಸಿದರು. ಒಂದು ಪತ್ರವನ್ನು ನೇರವಾಗಿ ಅಂಚೆಗೆ ಹಾಕುವಷ್ಟು ಸಂಶಯವನ್ನು ದಾಕ್ಷಿಣ್ಯವು ತಡೆದಿತು. ಕೆಟ್ಟವರು ಷೇರು ಕೊಂಡ ಸಾವಿರಾರು ಮಂದಿ. ಕಪಾಟಿನ ಬಾಗಿಲನ್ನು ತೆರೆದು ಏಳು ಸೀರೆಗಳ ಕೊರತೆಯನ್ನು ಕಂಡ ಹುಡುಗನು ಆ ದೊಡ್ಡವರು ಮಾಡದಿದ್ದ ಕೆಲಸವನ್ನು ಮಾಡಿದನು. ಆದುದರಿಂದ ಎಣಿಸಿದುದು ತಪ್ಪಲ್ಲ.

ಎರಡನೆಯದು ದಯೆಯ ವಿಷಯ. ಇದು ಮೊದಲನೆಯದಕ್ಕಿಂತ ಕಠಿನ. ಗುಮಾಸ್ತನು ಹೇಳಿದುದು ನಿಜವೆಂದೇ ಇಟ್ಟುಕೊಳ್ಳೋಣ. ಅವನು ಕದ್ದವನಲ್ಲ, ಕರುಣೆಯುಳ್ಳವನು. ಅವನ ಕರುಣೆಯೇ ಅವನ ಅನ್ನವನ್ನು ಕಳೆಯುವುದಾದರೆ ಲೆಕ್ಕವೆಂಬುದು ಕ್ರೂರವಾದ ಯಂತ್ರವಲ್ಲವೇ? ಇದಕ್ಕೆ ಸಾಮಾನ್ಯವಾಗಿ ಹೇಳುವ ಸಮಾಧಾನವೊಂದುಂಟು. ಪರಿಶೋಧಕನು ಬಂದಿರುವುದು ಎದುರಿಗಿರುವವನಿಗಾಗಿ ಅಲ್ಲ, ಎದುರಿಗಿಲ್ಲದವರಿಗಾಗಿ. ಸಂಘದ ಷೇರುಹಣವು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರರದು. ಪುಸ್ತಕವನ್ನು ತೆರೆದು ನೋಡಲು ಅವರಿಗೆ ಬಿಡುವಿಲ್ಲ. ಅನೇಕರಿಗೆ ಅದನ್ನು ಓದಲು ಬಾರದು. ಅವರ ಬದಲಿಗೆ ನೋಡುವ ಕಣ್ಣೇ ಪರಿಶೋಧಕ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯಿದೆಯು ವರ್ಷವರ್ಷವೂ ಲೆಕ್ಕಪರಿಶೋಧನೆಯಾಗತಕ್ಕದ್ದೆಂದು ವಿಧಿಸಿರುವುದೂ ಇದಕ್ಕಾಗಿಯೇ. ಕಂಡವನ ಕಣ್ಣೀರಿಗೆ ಕರಗಿ ಕಾಣದವರ ಗಂಟನ್ನು ಬಿಟ್ಟುಕೊಡುವುದು ದಯೆಯಲ್ಲ, ಪಕ್ಷಪಾತ.

ಈ ಸಮಾಧಾನವು ಯುಕ್ತವಾದುದೇ ಸರಿ, ಆದರೆ ಪೂರ್ಣವಲ್ಲ. ಕಾಣದ ನೂರು ಮಂದಿಗೆ ತಲೆಗೆ ಇಷ್ಟೆಂದು ಹಂಚಿ ಹೋಗುವ ನಷ್ಟವು ಅಲ್ಪ. ಕಂಡ ಒಬ್ಬನಿಗೆ ಆಗುವುದು ಸರ್ವನಾಶ. ಲೆಕ್ಕದ ತಕ್ಕಡಿಯಲ್ಲಿಯೇ ತೂಗಿದರೂ ಗುಮಾಸ್ತನ ಕಡೆಯೇ ಭಾರವಾಗಬಹುದು. ಆದುದರಿಂದ ಸತ್ಯವನ್ನು ಹೇಳಬೇಕೇ, ದಯೆಯನ್ನು ತೋರಬೇಕೇ ಎಂದು ಕೇಳುವ ರೀತಿಯೇ ಸರಿಯಾದುದೋ ಎಂಬುದನ್ನು ವಿಚಾರಿಸಬೇಕು.

"ದಾಸ್ತಾನಿನಲ್ಲಿ ಏಳು ಸೀರೆಗಳು ಕಡಮೆ" ಎಂದಿಷ್ಟನ್ನೇ ತರುಣನು ಬರೆದನೆನ್ನೋಣ. ಅದು ಸುಳ್ಳಲ್ಲ. ಆದರೆ ಓದಿದವರೆಲ್ಲರೂ ಗುಮಾಸ್ತನನ್ನು ಕಳ್ಳನೆನ್ನುವರು. "ಮಾರಾಟಕ್ಕೆ ಕಳುಹಿಸಿದ ಸರಕು" ಎಂದು ಬರೆದರೆ ಗುಮಾಸ್ತನು ಉಳಿಯುವನು. ಆದರೆ ಅದು ಸುಳ್ಳು. ಮೂರನೆಯ ದಾರಿಯೊಂದಿದೆ. ಸದಸ್ಯಳಾದ ನೇಕಾರಳೊಬ್ಬಳಿಗೆ ಆಪತ್ತಿನಲ್ಲಿ ಏಳು ಸೀರೆಗಳು ರಸೀತಿಯಿಲ್ಲದೆ ಕೊಡಲ್ಪಟ್ಟುವು; ಆಡಳಿತ ಮಂಡಲಿಯ ಅಪ್ಪಣೆ ಇರಲಿಲ್ಲ; ಗುಮಾಸ್ತನು ಕೇಳಿದೊಡನೆಯೇ ಒಪ್ಪಿಕೊಂಡನು; ನೇಕಾರಳನ್ನು ಕರೆಸಿ ಕೇಳಲಾಗಿ ಅವಳೂ ಒಪ್ಪಿಕೊಂಡು, ಇಂದಿನ ತಾರೀಖಿನಲ್ಲಿ ಇಂತಿಷ್ಟು ಬಾಕಿಯೆಂದು ಬರೆದುಕೊಟ್ಟಿರುವಳು. ಇದು ಪೂರ್ಣವಾದ ಸತ್ಯ. ಅರೆಸತ್ಯವು ಕಳ್ಳನನ್ನು ಹುಟ್ಟಿಸಿತು. ಪೂರ್ಣಸತ್ಯವು ಮನುಷ್ಯನನ್ನು ತೋರಿಸಿತು. ದಯೆಯು ಇರತಕ್ಕ ಸ್ಥಳವು ಸತ್ಯವನ್ನು ಮುಚ್ಚುವುದರಲ್ಲಿ ಅಲ್ಲ, ಅದನ್ನು ಕೊನೆಯವರೆಗೂ ಹೇಳುವ ಶ್ರಮದಲ್ಲಿ. ಬಿಸಿಲಿನಲ್ಲಿ ನೇಕಾರಳ ಮನೆಯವರೆಗೆ ನಡೆದು ಹೋಗಿ ಅವಳ ಮಾತನ್ನು ಕೇಳಿ ಬರುವ ಹುಡುಗನ ಕಾಲಿನಲ್ಲಿರುವ ದಯೆಯು, ಕಣ್ಣುಮುಚ್ಚಿ ಗುರುತು ಹಾಕುವವನ ಕೈಯಲ್ಲಿ ಇಲ್ಲ. ಅವಳು ಒಪ್ಪದೆ ಹೋದರೆ? ಆಗ ಗುಮಾಸ್ತನ ಕಥೆಯೇ ನಿಜವಲ್ಲದಿರಬಹುದು. ಅದನ್ನೂ ತಿಳಿಯುವ ದಾರಿ ಅದೊಂದೇ.

ಮಾರ್ಚಿಯ ತಾರೀಖಿನ ಚೀಟಿಯ ವಿಷಯವನ್ನೂ ಇಲ್ಲಿಯೇ ತೀರಿಸಬಹುದು. ಅದರಲ್ಲಿ ಬರೆಯುವ ಸಂಗತಿಯು ನಿಜವೇ. ತಾರೀಖು ಮಾತ್ರ ಸುಳ್ಳು. ಆದರೆ ಚೀಟಿಯ ಜೀವವಿರುವುದು ತಾರೀಖಿನಲ್ಲಿ. ಇಂದು ಕರುಣೆಗಾಗಿ ಹಿಂದಿನ ತಾರೀಖನ್ನು ಹಾಕಲು ಕಲಿತ ಕೈಯನ್ನು ನಾಳೆ ಲೋಭವು ಹಿಡಿದು ನಡೆಸಲು ಕಷ್ಟವೇನಿದೆ? ಗುಮಾಸ್ತನ ಕರುಣೆಯು ಇದುವರೆಗೆ ನಿಯಮಭಂಗ ಮಾತ್ರವಾಗಿತ್ತು; ಈ ಚೀಟಿಯಿಂದ ಅದು ಕಪಟವಾಗುವುದು. ಅವನನ್ನು ಆ ಮೆಟ್ಟಿಲಿನಿಂದ ಕೆಳಗಿಳಿಯಗೊಡದಿರುವುದೇ ತರುಣನು ಅವನಿಗೆ ಮಾಡಬಹುದಾದ ಉಪಕಾರ.

ಮೂರನೆಯದು ಗುರುಗೌರವ. ಬ್ರಹ್ಮಗಿರಿಯ ಲಿಪಿಯು ಗೌರವವನ್ನು ವಿಧಿಸಿರುವುದು ಅಂತೇವಾಸಿಗೆ; ಕರಾರಿನ ಮೇಲೆ ಕೆಲಸ ಕಲಿಯುವ ತರುಣನು ಇಂದಿನ ಅಂತೇವಾಸಿಯೇ. ಗುರುವಿನ ಮಾತೂ ಬರಿಯ ಉದಾಸೀನವಲ್ಲ. ಪರಿಶೋಧನೆಯಲ್ಲಿ ಸಣ್ಣದು ದೊಡ್ಡದೆಂಬ ವಿವೇಚನೆಯುಂಟು. ಪ್ರತಿಯೊಂದು ಕಾಸಿನ ಹಿಂದೆಯೂ ಓಡಿದರೆ ಯಾವ ಲೆಕ್ಕವೂ ಮುಗಿಯದು. ಅಂತಿಮ ವರದಿಯಲ್ಲಿ ಏಳು ಸೀರೆಗಳ ಮಾತನ್ನು ಎತ್ತಬೇಕೇ ಬೇಡವೇ ಎಂದು ನಿರ್ಣಯಿಸುವ ಅಧಿಕಾರವು, ಅದಕ್ಕೆ ರುಜುಮಾಡುವ ಗುರುವಿನದು. ಆದರೆ ಅಲ್ಪವಾದುದನ್ನು ಬಿಡುವುದು ಬೇರೆ, ಅಲ್ಪವಾದ ಸುಳ್ಳನ್ನು ಬರೆಯುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದಕ್ಕೆ ಪ್ರಮಾಣದ ರಿಯಾಯಿತಿಯಿಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು, ತಮ್ಮ ನಡತೆಯಲ್ಲಿ ಒಳ್ಳೆಯದಾವುದೋ ಅದನ್ನೇ ಅನುಸರಿಸು, ಉಳಿದುದನ್ನಲ್ಲ ಎಂದು ತಾನಾಗಿಯೇ ಬಿಡುಗಡೆ ಕೊಡುವನು. ಗುರುವನ್ನು ಗೌರವಿಸುವುದೆಂದರೆ ಅವನ ಆತುರವನ್ನು ಅನುಸರಿಸುವುದಲ್ಲ. ತರುಣನು ತಾನು ಕಂಡುದನ್ನು ತನ್ನ ಕಾರ್ಯಪತ್ರದಲ್ಲಿ ಸ್ವಹಸ್ತದಿಂದ ಬರೆದು, ವಿನಯದಿಂದ ಗುರುವಿನ ಮುಂದಿಟ್ಟು, "ಹೀಗೆ ಕಂಡಿದ್ದೇನೆ, ಮಾರಾಟಕ್ಕೆ ಕಳುಹಿಸಿದುದೆಂದು ಬರೆಯಲಾರೆ, ಮುಂದಿನದು ತಮ್ಮ ಚಿತ್ತ" ಎನ್ನಬೇಕು. ಬೀದಿಯಲ್ಲಿ ಕೂಗತಕ್ಕದ್ದಿಲ್ಲ, ಕಾಗದದಲ್ಲಿ ಅಡಗಿಸತಕ್ಕದ್ದೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಗುಮಾಸ್ತನ ಕೆಲಸವು ಉಳಿಯುವುದೆಂಬ ಭರವಸೆಯಿಲ್ಲ. ಮಂಡಲಿಯವರು ಪೂರ್ಣಸತ್ಯವನ್ನು ಓದಿ ಕ್ಷಮಿಸಬಹುದು. ಅವನ ಸಂಬಳದಲ್ಲಿ ಸೀರೆಗಳ ಬೆಲೆಯನ್ನು ಹಿಡಿಯಬಹುದು. ಬೇರೆ ಕಾರಣಕ್ಕೆ ಅವನಾಗದವರು ಇದನ್ನೇ ನೆಪಮಾಡಿ ಅವನನ್ನು ಕಳುಹಿಸಲೂಬಹುದು. ಧರ್ಮದಿಂದ ನಡೆದವನಿಗೆ ಎಲ್ಲವೂ ಸುಖಾಂತವಾಗುವುದೆಂದು ಹೇಳುವುದು ಕಥೆಗೆ ಸರಿ, ವಿಚಾರಕ್ಕೆ ಸರಿಯಲ್ಲ. ಹಾಗಾದರೆ ತರುಣನು ಮಾಡಿದುದರಿಂದ ಬಂದ ಲಾಭವೇನು? ಮುಂದೆ ಇನ್ನೊಬ್ಬ ನೇಕಾರಳಿಗೆ ಆಪತ್ತು ಬಂದಾಗ, ಗುಮಾಸ್ತನ ಗುಟ್ಟಾದ ಕರುಣೆಯ ಬದಲಿಗೆ ಸಂಘದ ನಿಯಮದಲ್ಲಿಯೇ ಆಪತ್ಕಾಲದ ಮುಂಗಡವೊಂದು ಇರಬೇಕೆಂಬ ಮಾತು ಮಹಾಸಭೆಯಲ್ಲಿ ಹುಟ್ಟಲು ದಾರಿಯಾಗುವುದು. ಮುಚ್ಚಿಟ್ಟ ಲೆಕ್ಕದಲ್ಲಿ ಆ ಕೊರತೆಯು ಎಂದಿಗೂ ಕಾಣುತ್ತಿರಲಿಲ್ಲ. ಅಷ್ಟಾದರೂ ಗುಮಾಸ್ತನಿಗೆ ಆದ ನೋವು ನೋವೇ. ಆ ನೋವಿನ ಪಾಲನ್ನು ಬರೆದವನೂ ಹೊರಬೇಕು. ಕೆಲವು ವರ್ಷಗಳ ಮೇಲೆ ಏಳು ಸೀರೆಗಳ ಕೊರತೆಯನ್ನು ಕಂಡಾಗ ಮನಸ್ಸಿಗೆ ಏನೂ ಆಗದಿದ್ದರೆ, ಅವನು ಕಾಯುವುದನ್ನು ಬಿಟ್ಟು ಬೇಟೆಗೆ ಹೊರಟನೆಂದು ತಿಳಿಯಬೇಕು. ಬಂಡೆಯ ಮೇಲೆ ದಯೆಯು ದೃಢವಾಗಿರಬೇಕೆಂದಿರುವುದು. ಕರಗಿಹೋಗುವುದೂ ದೃಢತೆಯಲ್ಲ, ಕಲ್ಲಾಗುವುದೂ ದೃಢತೆಯಲ್ಲ.

ಬ್ರಹ್ಮಗಿರಿಯ ಆ ಲಿಪಿಯಲ್ಲಿ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯುವುದೆಂದು ಹೇಳಿದೆ. ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಮಿಕ್ಕುದೆಲ್ಲ ಬ್ರಾಹ್ಮಿಯಲ್ಲಿರಲಾಗಿ, ಲಿಪಿಕಾರನೆಂಬ ತನ್ನ ವೃತ್ತಿಯ ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿರುವನು. ಆಜ್ಞೆಯು ಅವನದಲ್ಲ, ಧರ್ಮವನ್ನು ಹೇಳಿದವನು ಅವನಲ್ಲ, ಅದನ್ನು ನಡೆಸಿ ತೋರಿಸುವ ಅಧಿಕಾರವೂ ಅವನಿಗಿರಲಿಲ್ಲ. ಹೇಳಿದುದನ್ನು ಹೇಳಿದಂತೆಯೇ ಬರೆದಿದ್ದೇನೆಂಬುದಕ್ಕೆ ಮಾತ್ರ ಅವನು ಹೆಸರು ಹಾಕಿದನು. ಲೆಕ್ಕ ನೋಡುವ ತರುಣನ ಹೊಣೆಯೂ ಅಷ್ಟೇ. ಸೀರೆಯನ್ನು ಕೊಟ್ಟವನು ಅವನಲ್ಲ, ಕ್ಷಮಿಸುವವನೂ ಶಿಕ್ಷಿಸುವವನೂ ಅವನಲ್ಲ. ಕಪಾಟಿನಲ್ಲಿ ಎಷ್ಟಿದ್ದುವು, ಉಳಿದುವು ಯಾರ ಮನೆಗೆ ಏಕೆ ಹೋದುವು ಎಂಬುದನ್ನು ಇದ್ದಂತೆ ಬರೆದು ಕೆಳಗೆ ತನ್ನ ಹೆಸರನ್ನು ಹಾಕಬಲ್ಲನೆಂದರೆ, ಚಳ್ಳಕೆರೆಯ ಕಡೆಗೆ ಹೊರಡುವ ಮಾರನೆಯ ಬೆಳಗಿನ ಬಸ್ಸನ್ನು ಅವನು ತಲೆ ತಗ್ಗಿಸದೆ ಹತ್ತಬಹುದು.